ಹಕ್ಕಿಯ ತಲೆಬುರುಡೆಯಲ್ಲಿ ಉಪ್ಪಿನ ಗ್ರಂಥಿಯ ಗುರುತು ಹುಡುಕುವುದು ಹೇಗೆ?

ಕಡಲಕ್ಕಿಯ (ಇಂಗ್ಲಿಷಿನಲ್ಲಿ ಗಲ್) ತಲೆಬುರುಡೆಯನ್ನು ಮೇಲಿನಿಂದ ನೋಡಿ. ಎರಡೂ ಕಣ್ಣಿನ ಗೂಡುಗಳ ಮೇಲಂಚಿನಲ್ಲಿ ಒಂದೊಂದು ಬಾಗಿದ ತೋಡು ಕಾಣುತ್ತದೆ. ಬಿದಿಗೆ ಚಂದ್ರನ ಆಕಾರ. ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಎಳೆದ ಹಾಗಿರುತ್ತದೆ. ಪಕ್ಕದಲ್ಲಿ ಕೋಳಿಯ ಬುರುಡೆ ಇಟ್ಟು ನೋಡಿ. ಅದರ ಹಣೆ ನುಣ್ಣಗಿರುತ್ತದೆ. ಆ ತೋಡಿನಲ್ಲಿ, ಹಕ್ಕಿ ಬದುಕಿದ್ದಾಗ, ಒಂದು ಗ್ರಂಥಿ ಕೂತಿತ್ತು. ರಕ್ತದಲ್ಲಿ ಜಾಸ್ತಿಯಾದ ಉಪ್ಪನ್ನು ತೆಗೆದು ಮೂಗಿನ ದಾರಿಯಲ್ಲಿ ಹೊರಗೆ ಹಾಕುವುದು ಅದರ ಕೆಲಸ.

ಈ ಗುರುತನ್ನು ಓದಲು ಕಲಿಯುವುದು ಕಷ್ಟವಲ್ಲ. ಒಂದು ಕೋಳಿ ತಲೆ, ಒಂದು ಬಾತುಕೋಳಿ ತಲೆ, ಕೆಲವು ಒಳ್ಳೆಯ ಫೋಟೋಗಳು, ಕಡಲ ದಂಡೆಯಲ್ಲಿ ಎರಡು ಮೂರು ಬೆಳಗು. ಇಷ್ಟಿದ್ದರೆ ಸಾಕು. ಆದರೆ ತಪ್ಪಾಗಿ ಓದುವುದು ಇನ್ನೂ ಸುಲಭ. ತೋಡು ಕಂಡರೆ ಕಡಲಿನ ಹಕ್ಕಿ, ಕಾಣದಿದ್ದರೆ ಸಿಹಿನೀರಿನ ಹಕ್ಕಿ ಎಂದು ತೀರ್ಮಾನ ಮಾಡುವವರೇ ಹೆಚ್ಚು. ನಾನೂ ಮೊದಲು ಹಾಗೇ ನಂಬಿದ್ದೆ. ನೀರುಕಾಗೆಯ ಬುರುಡೆ ನೋಡಿದ ದಿನ ಆ ನಂಬಿಕೆ ಬಿತ್ತು. ಅದರ ವಿಷಯ ಐದನೇ ಹೆಜ್ಜೆಯಲ್ಲಿ ಬರುತ್ತದೆ.

ಶುರು ಮಾಡುವ ಮುಂಚೆ: ಉಪ್ಪಿನ ಲೆಕ್ಕ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಕ್ಕಿಯ ಮೂತ್ರಪಿಂಡಕ್ಕೆ ಅಷ್ಟು ಉಪ್ಪನ್ನು ನಿಭಾಯಿಸುವ ಶಕ್ತಿ ಇಲ್ಲ. ಸಾಮಾನ್ಯವಾಗಿ ಅದು ಮಾಡುವ ಮೂತ್ರ ಸಮುದ್ರದ ನೀರಿನ ಸುಮಾರು ಅರ್ಧದಷ್ಟು ಮಾತ್ರ ಉಪ್ಪಾಗಿರುತ್ತದೆ. ಹಾಗಾದರೆ ಒಂದು ಲೀಟರ್ ಉಪ್ಪುನೀರು ಕುಡಿದ ಲೆಕ್ಕಕ್ಕೆ ಎರಡು ಲೀಟರ್ ನೀರು ಮೈಯಿಂದ ಹೋಗಬೇಕು. ಕುಡಿದಷ್ಟೂ ಒಣಗುವುದೇ ಆಯಿತು, ಅಲ್ವಾ?

ಈಗ ಗ್ರಂಥಿಯ ಲೆಕ್ಕ ನೋಡಿ. ಹೆರಿಂಗ್ ಗಲ್ ಎಂಬ ಕಡಲಕ್ಕಿಯ ಮೂಗಿನಿಂದ ಬರುವ ದ್ರವದಲ್ಲಿ ಸುಮಾರು ಶೇ 5ರಷ್ಟು ಉಪ್ಪಿರುತ್ತದೆ. 35 ಗ್ರಾಂ ಉಪ್ಪು ಹೊರಗೆ ಹೋಗಲು 700 ಮಿಲಿಲೀಟರ್ ದ್ರವ ಸಾಕು. ಉಳಿದ 300 ಮಿಲಿಲೀಟರ್ ಹಕ್ಕಿಗೆ ಸಿಹಿನೀರಾಗಿ ದಕ್ಕುತ್ತದೆ. ಯಾವ ಕಡಲಕ್ಕಿಯೂ ಒಂದೇ ಸಲ ಒಂದು ಲೀಟರ್ ಕುಡಿಯುವುದಿಲ್ಲ, ನಿಜ. ಪ್ರಮಾಣ ಮಾತ್ರ ಇದೇ.

ಇದನ್ನು ಕಂಡುಹಿಡಿದವರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಕ್ನೂಟ್ ಶ್ಮಿಟ್-ನೀಲ್ಸನ್. ಒಂಟೆ ನೀರಿಲ್ಲದೆ ಹೇಗೆ ಬದುಕುತ್ತದೆ ಎಂದು ಅಧ್ಯಯನ ಮಾಡಿದವರೂ ಇವರೇ. 1950ರ ದಶಕದಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಕಡಲ ತೀರದ ಪ್ರಯೋಗಾಲಯದಲ್ಲಿ ಅವರು ನೀರುಕಾಗೆಗಳಿಗೆ ಸಮುದ್ರದ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಕೊಕ್ಕಿನ ತುದಿಯಲ್ಲಿ ತಿಳಿಯಾದ ಹನಿ ಬಂತು. ಹಕ್ಕಿ ತಲೆ ಕೊಡವಿತು. ಮತ್ತೆ ಹನಿ. ಆ ಹನಿಯನ್ನು ಪರೀಕ್ಷಿಸಿದಾಗ ಅದು ಬಹುತೇಕ ಬರೀ ಉಪ್ಪುನೀರು. ಮುಂದೆ ಒಂದು ಹೆರಿಂಗ್ ಗಲ್‌ಗೆ ಅದರ ತೂಕದ ಸುಮಾರು ಹತ್ತನೇ ಒಂದು ಪಾಲು, ಅಂದರೆ 134 ಮಿಲಿಲೀಟರ್ ಸಮುದ್ರದ ನೀರು ಕೊಟ್ಟರು. ಸುಮಾರು ಮೂರು ಗಂಟೆಯಲ್ಲಿ ಬಹುತೇಕ ಎಲ್ಲ ಉಪ್ಪೂ ಹೊರಗೆ ಬಂತು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮೂಗಿನಿಂದ.

ಗ್ರಂಥಿ ಇದೆ ಎಂಬುದು ಅದಕ್ಕೂ ಮುಂಚೆಯೇ ಅಂಗರಚನೆ ಓದಿದವರಿಗೆ ಗೊತ್ತಿತ್ತು. ಸಮುದ್ರದ ನೀರು ಮೂಗಿನ ಒಳಪದರವನ್ನು ಕೆಡಿಸದ ಹಾಗೆ ತೊಳೆಯುವ ದ್ರವ ಇದರಿಂದ ಬರುತ್ತದೆ ಎಂದು ಅವರು ಭಾವಿಸಿದ್ದರು. ಮೂಳೆಯಲ್ಲಿ ಜಾಗ ಕಂಡಿತ್ತು, ಕೆಲಸ ಕಂಡಿರಲಿಲ್ಲ. ಬುರುಡೆ ಹಿಡಿದು ಕೂತಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಬೇಕಾಗುವ ಸಾಮಾನು, ಮತ್ತೆ ಒಂದು ಖಡಾಖಂಡಿತ ಮಾತು

ಕೈಗವಸು, ಚಿಕ್ಕ ಚಿಮುಟ, ಹಳೆಯ ಹಲ್ಲುಜ್ಜುವ ಬ್ರಷ್, ಟಾರ್ಚ್, ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಪೆನ್ಸಿಲ್, ಗೆರೆ ಇಲ್ಲದ ನೋಟ್‌ಬುಕ್. ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್. ಕಡಲ ತೀರಕ್ಕೆ ಹೋಗುವುದಾದರೆ ಬೈನಾಕ್ಯುಲರ್. ಹಕ್ಕಿ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಆ ಮಾತು. ಸಮುದ್ರದ ದಂಡೆಯಲ್ಲಿ ಸತ್ತ ಕಡಲಕ್ಕಿ ಸಿಕ್ಕಿತೆಂದು ತಲೆ ತೆಗೆದು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಬುರುಡೆ, ಗರಿ, ಮೊಟ್ಟೆ ಯಾವುದನ್ನೂ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹಕ್ಕಿ ತಾನಾಗಿಯೇ ಸತ್ತಿದ್ದರೂ ಅಷ್ಟೇ. ಕಾಯ್ದೆ ಒಂದು ಕಡೆ ಇರಲಿ, ಹಕ್ಕಿಜ್ವರದ ಅಪಾಯ ನಿಜವಾದದ್ದು. ಸತ್ತ ನೀರುಹಕ್ಕಿಗಳನ್ನು ಮುಟ್ಟದೆ, ದೂರದಿಂದ ಫೋಟೋ ತೆಗೆದು, ಅರಣ್ಯ ಇಲಾಖೆಗೋ ಪಶುಸಂಗೋಪನಾ ಇಲಾಖೆಗೋ ತಿಳಿಸಿ.

ಹಾಗಾದರೆ ಕಡಲಕ್ಕಿಯ ಬುರುಡೆ ಎಲ್ಲಿ ನೋಡುವುದು? ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಬೀರುವಿನಲ್ಲಿ ಹಳೆಯ ಅಸ್ಥಿಪಂಜರಗಳು ಇರಬಹುದು, ಒಮ್ಮೆ ಕೇಳಿ. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂಗೆ ಹೋದಾಗ ಪ್ರಾಣಿಗಳ ವಿಭಾಗಕ್ಕೆ ಅರ್ಧ ದಿನ ಕೊಡಿ. ಮನೆಯಲ್ಲೇ ಕೂತು ನೋಡುವವರಿಗೆ ಮಾರ್ಫೋಸೋರ್ಸ್ ಎಂಬ ಜಾಲತಾಣ ಇದೆ. ಜಗತ್ತಿನ ಮ್ಯೂಸಿಯಂಗಳು ತಮ್ಮ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಅಲ್ಲಿ ಇಟ್ಟಿವೆ. ಬುರುಡೆಯನ್ನು ಬೆರಳಿನಿಂದ ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ಈ ಕೆಲಸಕ್ಕೆ ಅದು ಫೋಟೋಗಿಂತ ಎಷ್ಟೋ ಮೇಲು.

ಹೆಜ್ಜೆ 1: ಕೋಳಿ ಮತ್ತು ಬಾತುಕೋಳಿಯಿಂದ ಶುರು ಮಾಡಿ

ಮಾಂಸದಂಗಡಿಯಲ್ಲಿ ಒಂದು ಕೋಳಿ ತಲೆ, ಒಂದು ಬಾತುಕೋಳಿ ತಲೆ ಕೇಳಿ ತನ್ನಿ. ಬ್ರಾಯ್ಲರ್ ಕೋಳಿ ಬೇಡ. ಅದನ್ನು ಐದಾರು ವಾರಕ್ಕೇ ಕಡಿಯುತ್ತಾರೆ. ಆ ವಯಸ್ಸಿಗೆ ಬುರುಡೆಯ ಮೂಳೆಗಳು ಒಂದಕ್ಕೊಂದು ಬೆಸೆದಿರುವುದಿಲ್ಲ. ಬೇಯಿಸಿದ ತಕ್ಷಣ ಚೂರು ಚೂರಾಗಿ ಕೈಗೆ ಬರುತ್ತದೆ. ಬಲಿತ ನಾಟಿ ಕೋಳಿಯ ತಲೆಯನ್ನೇ ಕೇಳಿ. ಬಾತುಕೋಳಿಗೂ ಇದೇ ಮಾತು.

ಬೇಯಿಸುವ ಮುಂಚೆ ಮಾಡಬೇಕಾದ ಒಂದು ಮುಖ್ಯ ಕೆಲಸ ಇದೆ. ಇದನ್ನು ಬಿಟ್ಟರೆ ಅರ್ಧ ಪಾಠ ಹೋದ ಹಾಗೆ. ಬಾತುಕೋಳಿಯ ತಲೆಯ ಮೇಲಿನ ಚರ್ಮವನ್ನು ನಿಧಾನವಾಗಿ ಬಿಡಿಸಿ. ಕಣ್ಣಿನ ಮೇಲಂಚಿಗೆ ಅಂಟಿಕೊಂಡು, ಹುಬ್ಬಿನ ಹಾಗೆ, ತೆಳ್ಳಗಿನ ಒಂದು ಮಾಂಸದ ಪಟ್ಟಿ ಕಾಣುತ್ತದೆಯೇ ನೋಡಿ. ಅದೇ ಗ್ರಂಥಿ. ಸಿಹಿನೀರಿನಲ್ಲಿ ಸಾಕಿದ ಬಾತಿನಲ್ಲಿ ಅದು ಸಣ್ಣದಾಗಿರುತ್ತದೆ, ಭೂತಗನ್ನಡಿ ಹಿಡಿದೇ ಹುಡುಕಬೇಕು. ಸುತ್ತಲಿನ ಕೊಬ್ಬಿನ ಜೊತೆ ಸುಲಭವಾಗಿ ಹರಿದು ಹೋಗುತ್ತದೆ. ಆದ್ದರಿಂದ ಚಾಕುವಿಗಿಂತ ಚಿಮುಟವೇ ವಾಸಿ. ಕೋಳಿಯಲ್ಲೂ ಮೂಗಿನ ಗ್ರಂಥಿ ಇದೆ. ಆದರೆ ಅದಕ್ಕೆ ಉಪ್ಪು ಹೊರಹಾಕುವ ಕೆಲಸ ಇಲ್ಲ.

ಆಮೇಲೆ ಕಣ್ಣುಗುಡ್ಡೆ ತೆಗೆಯಿರಿ. ಹಕ್ಕಿಯ ಕಣ್ಣಿನೊಳಗೆ ಚಿಕ್ಕ ಚಿಕ್ಕ ಮೂಳೆಗಳ ಒಂದು ಉಂಗುರ ಇರುತ್ತದೆ. ಚೆಂದದ ವಸ್ತು, ಸುಮ್ನೆ ಬಿಸಾಡಬೇಡಿ. ತಲೆಯನ್ನು ನೀರಿನಲ್ಲಿ ಮುಳುಗಿಸಿ, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಸಣ್ಣ ಉರಿಯಲ್ಲಿ ಇಡಿ. ನೀರು ಕುದಿಯಬಾರದು. ಬರೀ ಹೊಗೆಯಾಡುತ್ತಿರಬೇಕು. ನನ್ನ ಮೊದಲ ಬಾತಿನ ಬುರುಡೆಯನ್ನು ಕುಕ್ಕರಿನಲ್ಲಿ ಹಾಕಿದ್ದೆ. ಕಣ್ಣುಗಳ ನಡುವಿನ ತೆಳುಗೋಡೆ ಸೀಳಿಹೋಯಿತು. ಗಂಟೆಗೊಮ್ಮೆ ತೆಗೆದು, ಬ್ರಷ್ಷಿನಿಂದ ಮಾಂಸ ಬಿಡಿಸಿ, ಮತ್ತೆ ಹಾಕಿ. ಮಿದುಳನ್ನು ಹಿಂದಲೆಯ ದೊಡ್ಡ ತೂತಿನಿಂದ ನೀರು ಬಿಟ್ಟು ತೊಳೆಯಿರಿ. ಕೊಕ್ಕಿನ ಮೇಲಿನ ಕೊಂಬಿನಂಥ ಹೊದಿಕೆ ಕಳಚಿ ಬಂದರೆ ಎತ್ತಿಡಿ. ಕೊನೆಗೆ ಒಂದು ದಿನ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡ, ಮೂಳೆಯನ್ನೇ ತಿಂದುಹಾಕುತ್ತದೆ.

ಹೆಜ್ಜೆ 2: ಬುರುಡೆಯ ದಿಕ್ಕು ತಿಳಿಯಿರಿ

ಕೊಕ್ಕು ನಿಮ್ಮ ಎಡಕ್ಕೆ ಇರಲಿ. ಯಾವಾಗಲೂ ಹೀಗೇ ಇಟ್ಟು ನೋಡಿದರೆ ಒಂದನ್ನು ಇನ್ನೊಂದಕ್ಕೆ ಹೋಲಿಸುವುದು ಸುಲಭ. ಪಕ್ಕದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಭಾರಿ ಕಣ್ಣಿನ ಗೂಡು. ಹಕ್ಕಿಯ ತಲೆಯಲ್ಲಿ ಕಣ್ಣಿಗೆ ಕೊಟ್ಟ ಜಾಗ ಬಹಳ ದೊಡ್ಡದು. ಎರಡು ಗೂಡುಗಳ ನಡುವೆ ಕಾಗದದಷ್ಟು ತೆಳುವಾದ ಗೋಡೆ. ಮಿದುಳು ಹಿಂದಕ್ಕೆ ತಳ್ಳಲ್ಪಟ್ಟಿದೆ, ಕೊಕ್ಕು ಮುಂದೆ ಚಾಚಿದೆ.

ಇಷ್ಟು ಇಕ್ಕಟ್ಟಿನಲ್ಲಿ ಉಪ್ಪಿನ ಗ್ರಂಥಿಗೆ ಎಲ್ಲಿ ಜಾಗ? ಬುರುಡೆಯ ಆಕಾರದ ಪ್ರಶ್ನೆ ಹುಟ್ಟುವುದು ಇಲ್ಲೇ. ಒಂದೋ ಗ್ರಂಥಿ ಕಣ್ಣಿನ ಗೂಡಿನ ಮಾಡಿನ ಮೇಲೆ ಕೂರಬೇಕು, ಇಲ್ಲವೇ ಗೂಡಿನೊಳಗೆ ಕಣ್ಣಿನ ಪಕ್ಕ ನುಸುಳಬೇಕು. ಹಕ್ಕಿಗಳ ಬೇರೆ ಬೇರೆ ಕುಲಗಳು ಬೇರೆ ಬೇರೆ ದಾರಿ ಹಿಡಿದಿವೆ. ಎರಡು ದಾರಿಯಲ್ಲೂ ದ್ರವ ಕೊನೆಗೆ ತಲುಪುವುದು ಮೂಗಿಗೇ.

ಹೆಜ್ಜೆ 3: ಮೇಲಿನ ತೋಡು ಹುಡುಕಿ

ಈಗ ಮೇಲಿನಿಂದ ನೋಡಿ. ಟಾರ್ಚನ್ನು ತಲೆಯ ಮೇಲೆ ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಸಣ್ಣ ತಗ್ಗು ಕೂಡ ನೆರಳಿನಿಂದ ಎದ್ದು ಕಾಣುತ್ತದೆ.

ಕೋಳಿಯ ಹಣೆಯ ಮೂಳೆಯಲ್ಲಿ ಇಂಥ ತಗ್ಗು ಇಲ್ಲ. ಬಾತಿನಲ್ಲಿ ಗೂಡಿನ ಮೇಲಂಚಿಗೆ ಸೇರಿದ ಹಾಗೆ ಮಸುಕಾದ ಒಂದು ತಗ್ಗು ಇರಬಹುದು. ಈ ಎರಡನ್ನೂ ಕಣ್ಣಿಗೆ ಚೆನ್ನಾಗಿ ಅಭ್ಯಾಸ ಮಾಡಿಸಿದ ಮೇಲೆ ಪರದೆಯ ಮೇಲೆ ಕಡಲಕ್ಕಿಯ ಬುರುಡೆ ತೆರೆಯಿರಿ. ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ. ಕಡಲಕ್ಕಿಯಲ್ಲಿ ತೋಡುಗಳು ಎರಡೂ ಕಡೆ ಒಳಗೆ ಸರಿದು, ನಡುವೆ ಮೂಳೆಯ ಕಿರಿದಾದ ಪಟ್ಟಿಯನ್ನು ಮಾತ್ರ ಉಳಿಸಿರುತ್ತವೆ. ಗದ್ದೆಯ ಎರಡು ಕಾಲುವೆಗಳ ನಡುವಿನ ಬದುವಿನ ಹಾಗೆ.

ಪೆಂಗ್ವಿನ್, ದೂರದ ಕಡಲಿನ ಮೇಲೆ ಹಾರುವ ಆಲ್ಬಟ್ರಾಸ್ ಮತ್ತು ಪೆಟ್ರೆಲ್, ಉತ್ತರದ ಸಮುದ್ರಗಳ ಆಕ್ ಹಕ್ಕಿಗಳು, ಲೂನ್‌ಗಳು ಇವುಗಳಲ್ಲೆಲ್ಲ ಈ ತೋಡು ಸ್ಪಷ್ಟವಾಗಿರುತ್ತದೆ. ಪೆಂಗ್ವಿನ್ನಿನದು ಎಷ್ಟು ಆಳವೆಂದರೆ ಮೊದಲ ಸಲ ನೋಡಿದವರು ಅದನ್ನೇ ಕಣ್ಣಿನ ಗೂಡಿನ ಭಾಗ ಅಂದುಕೊಳ್ಳಬಹುದು. ಸಮುದ್ರದ ಬಾತುಗಳಾದ ಐಡರ್‌ನಂಥವುಗಳಲ್ಲಿ ಕೆರೆಯ ಬಾತಿಗಿಂತ ಗ್ರಂಥಿ ದೊಡ್ಡದು. ರಾಜಹಂಸಕ್ಕೂ ಉಪ್ಪಿನ ಗ್ರಂಥಿ ಇದೆ. ಅದು ಮೇಯುವುದು ಉಪ್ಪಿನ ಕೆರೆ, ಉಪ್ಪಿನ ಹಿನ್ನೀರುಗಳಲ್ಲಿ ಅಲ್ವಾ?

ತೋಡಿನ ಮುಂದಿನ ತುದಿಯನ್ನು ಮರೆಯಬೇಡಿ. ಗ್ರಂಥಿಯ ನಾಳ ಅಲ್ಲಿಂದ ಹೊರಟು ಮೂಗಿನ ಒಳಕ್ಕೆ ಹೋಗುತ್ತದೆ. ಕಣ್ಣಿನ ಗೂಡಿನ ಮುಂದಿನ ಮೂಲೆಯಲ್ಲಿ, ಮೂಗಿನ ಕಡೆಗೆ ಮುಖ ಮಾಡಿ, ಒಂದು ಕಚ್ಚು ಅಥವಾ ತೂತು ಇದೆಯೇ ನೋಡಿ. ಅದು ಸಿಕ್ಕರೆ ನೀವು ನೋಡುತ್ತಿರುವುದು ಗ್ರಂಥಿಯ ಮನೆಯೇ ಎಂಬ ಭರವಸೆ ಜಾಸ್ತಿಯಾಗುತ್ತದೆ. ಬರೀ ತಗ್ಗು ಬೇರೆ ಕಾರಣಕ್ಕೂ ಇರಬಹುದು.

ತೋಡಿನ ಒಳಗೆ ಏನಿತ್ತು ಎಂದು ಕಲ್ಪಿಸಿಕೊಳ್ಳುವುದು ಓದಿಗೆ ಸಹಾಯ ಮಾಡುತ್ತದೆ. ಗ್ರಂಥಿ ಎಂದರೆ ಉದ್ದುದ್ದ ಎಸಳುಗಳ ಒಂದು ಕಟ್ಟು. ಒಂದೊಂದು ಎಸಳಿನ ದಪ್ಪ ಸುಮಾರು ಒಂದು ಮಿಲಿಮೀಟರ್. ಎಸಳನ್ನು ಅಡ್ಡಕ್ಕೆ ಕೊಯ್ದರೆ ಗಾಡಿಚಕ್ರದ ಹಾಗೆ ಕಾಣುತ್ತದೆ. ನಡುವೆ ಒಂದು ಕಾಲುವೆ, ಅದರ ಸುತ್ತ ಅರಗಳ ಹಾಗೆ ಸಣ್ಣ ಕೊಳವೆಗಳು. ರಕ್ತ ನಡುವಿನಿಂದ ಹೊರಗಿನ ಕಡೆಗೆ ಹರಿದರೆ, ಕೊಳವೆಗಳಲ್ಲಿ ಉಪ್ಪುನೀರು ಅದರ ಎದುರು ದಿಕ್ಕಿಗೆ, ನಡುವಿನ ಕಾಲುವೆಯ ಕಡೆಗೆ ಸಾಗುತ್ತದೆ. ಕೊಳವೆಗಳ ಗೋಡೆಯ ಜೀವಕೋಶಗಳು ಶಕ್ತಿ ಖರ್ಚು ಮಾಡಿ ಸೋಡಿಯಂ ಮತ್ತು ಕ್ಲೋರೈಡನ್ನು ರಕ್ತದಿಂದ ಎಳೆದುಕೊಳ್ಳುತ್ತವೆ. ಕೊಳವೆಗಳ ಸಂಖ್ಯೆ ಹೆಚ್ಚಿದಷ್ಟೂ ಹೊರಹೋಗುವ ಉಪ್ಪು ಹೆಚ್ಚು. ಅದಕ್ಕೇ ಗ್ರಂಥಿಯ ಗಾತ್ರಕ್ಕೆ ಬೆಲೆ.

ಹೆಜ್ಜೆ 4: ಅಳತೆ ತೆಗೆಯಿರಿ, ಆದರೆ ಮೊದಲು ಚಿತ್ರ ಬಿಡಿಸಿ

ಕ್ಯಾಲಿಪರ್ ಹಿಡಿಯುವ ಮುಂಚೆ ಬುರುಡೆಯನ್ನು ಮೇಲಿನಿಂದ ನೋಡಿ ಪೆನ್ಸಿಲ್ಲಿನಲ್ಲಿ ಬಿಡಿಸಿ. ಚಿತ್ರ ಚೆನ್ನಾಗಿ ಬರಲೇಬೇಕೆಂದಿಲ್ಲ. ಬಿಡಿಸುವಾಗ ಕಣ್ಣು ಅಂಚಿನ ಉದ್ದಕ್ಕೂ ಸಾಗುತ್ತದೆ. ಫೋಟೋ ತೆಗೆದಾಗ ಗಮನಿಸದ ತೂತು, ಏಣು, ತಿರುವು ಎಲ್ಲ ಆಗ ಕಾಣುತ್ತವೆ.

ಆಮೇಲೆ ನಾಲ್ಕು ಅಳತೆ ಸಾಕು. ಕೊಕ್ಕಿನ ತುದಿಯಿಂದ ಹಿಂದಲೆಯವರೆಗಿನ ಉದ್ದ. ಕಣ್ಣಿನ ಗೂಡುಗಳ ನಡುವೆ ಹಣೆಯ ಮೂಳೆ ಅತಿ ಕಿರಿದಾದ ಕಡೆ ಅದರ ಅಗಲ. ತೋಡಿನ ಉದ್ದ. ತೋಡಿನ ಅತಿ ಹೆಚ್ಚು ಅಗಲ. ಉದ್ದನೆಯ ಕೊಕ್ಕಿನ ಹಕ್ಕಿಗಳಲ್ಲಿ ಒಟ್ಟು ಉದ್ದ ದಾರಿ ತಪ್ಪಿಸುತ್ತದೆ. ಅಂಥ ಕಡೆ ಕೊಕ್ಕಿನ ಬುಡದಿಂದ ಹಿಂದಲೆಗೆ ಇನ್ನೊಂದು ಅಳತೆ ತೆಗೆಯಿರಿ. ದೊಡ್ಡ ಹಕ್ಕಿಗೂ ಚಿಕ್ಕ ಹಕ್ಕಿಗೂ ಹೋಲಿಸುವಾಗ ಮಿಲಿಮೀಟರಿಗಿಂತ ಅನುಪಾತ ಉಪಯೋಗಕ್ಕೆ ಬರುತ್ತದೆ. ತೋಡಿನ ಅಗಲವನ್ನು ಹಣೆಯ ಅಗಲದಿಂದ ಭಾಗಿಸಿ ಬರೆದಿಡಿ.

ಫೋಟೋದ ಮೇಲೆ ಅಳೆಯುವವರು ಕ್ಯಾಮೆರಾವನ್ನು ಬುರುಡೆಯ ನೇರ ಮೇಲೆ ಹಿಡಿಯಬೇಕು. ಅಳತೆಪಟ್ಟಿಯನ್ನು ಮೇಜಿನ ಮೇಲೆ ಇಡಬೇಡಿ, ಹಣೆಯ ಮಟ್ಟಕ್ಕೆ ಎತ್ತಿ ಇಡಿ. ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೋಡಿನ ಅಂಚನ್ನು ಮೌಸಿನಿಂದ ಬಳಸಿ ಅದರ ವಿಸ್ತೀರ್ಣವನ್ನೇ ಪಡೆಯಬಹುದು.

ಶಾಲಾ ಮಕ್ಕಳಿಗೆ ಹೇಳಿಕೊಡುವವರಿಗೆ ಒಂದು ಉಪಾಯ. ಸ್ಕ್ಯಾನ್‌ಗಳಿಂದ 3ಡಿ ಪ್ರಿಂಟ್ ಮಾಡಿದ ಬುರುಡೆಗಳನ್ನು ತಂದು, ತೋಡಿಗೆ ಆಟದ ಜೇಡಿಮಣ್ಣನ್ನು ಅಂಚಿನ ಮಟ್ಟಕ್ಕೆ ತುಂಬಿಸಿ. ಆ ಮಣ್ಣನ್ನು ತೆಗೆದರೆ ಗ್ರಂಥಿಯ ಅಚ್ಚು ಕೈಯಲ್ಲಿ! ತೂಕ ಹಾಕಿ ಹೋಲಿಸಬಹುದು. ಮ್ಯೂಸಿಯಂನ ನಿಜವಾದ ಬುರುಡೆಗೆ ಮಾತ್ರ ಇದನ್ನು ಮಾಡಲೇಬೇಡಿ. ಮಣ್ಣಿನ ಎಣ್ಣೆ ಮೂಳೆಗೆ ಇಳಿಯುತ್ತದೆ.

ಹೆಜ್ಜೆ 5: ತೋಡು ಇಲ್ಲವೇ? ಕಣ್ಣಿನ ಗೂಡಿನೊಳಗೆ ನೋಡಿ

ಈಗ ನೀರುಕಾಗೆ. ಇದರ ಬುರುಡೆಯ ಮೇಲೆ ಎಷ್ಟು ಓರೆ ಬೆಳಕು ಬಿಟ್ಟರೂ ಕಡಲಕ್ಕಿಯಂಥ ತೋಡು ಇಲ್ಲ. ತೋಡಿಲ್ಲ, ಗ್ರಂಥಿ ಇಲ್ಲ ಎಂದು ಬರೆದು ಮುಗಿಸಬಹುದಿತ್ತು. ಆದರೆ ಶ್ಮಿಟ್-ನೀಲ್ಸನ್ ಮೊದಲು ಉಪ್ಪಿನ ಹನಿ ಕಂಡದ್ದು ಇದೇ ಕುಲದ ಹಕ್ಕಿಯ ಕೊಕ್ಕಿನಲ್ಲಿ!

ಗ್ರಂಥಿ ಇರುವುದು ಕಣ್ಣಿನ ಗೂಡಿನ ಒಳಗೆ, ಮಾಡಿನ ಕೆಳಗಡೆ. ಬುರುಡೆಯನ್ನು ತಿರುವಿ ಹಾಕಿ. ಟಾರ್ಚನ್ನು ಕೆಳಗಿನಿಂದ ಗೂಡಿನ ಮಾಡಿಗೆ ಬಿಡಿ. ಮಾಡಿನ ಮೂಳೆಯಲ್ಲಿ ಆಳವಿಲ್ಲದ ಒಂದು ತಗ್ಗು ಕಾಣಬಹುದು. ಕಡಲಕ್ಕಿಯ ತೋಡಿನಷ್ಟು ಎದ್ದು ಕಾಣುವುದಿಲ್ಲ, ತಾಳ್ಮೆ ಬೇಕು. ಹೆಜ್ಜಾರ್ಲೆಗಳ ಕುಲದಲ್ಲೂ, ಮೀನಿಗಾಗಿ ಕಡಲಿಗೆ ಧುಮುಕುವ ಗ್ಯಾನೆಟ್‌ಗಳಲ್ಲೂ ಗ್ರಂಥಿ ಗೂಡಿನೊಳಗೇ. ಚಾಣಗಳಂಥ ಬೇಟೆಹಕ್ಕಿಗಳಲ್ಲೂ ಉಪ್ಪು ಹೊರಹಾಕುವ ಮೂಗಿನ ಗ್ರಂಥಿ ಇದೆ. ಅವುಗಳ ಹಣೆಯ ಮೇಲೂ ಕಡಲಕ್ಕಿಯಂಥ ತೋಡು ಹುಡುಕಬೇಡಿ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ 'ಗ್ರಂಥಿ ಇಲ್ಲ' ಎಂದು ಬರೆಯಬೇಡಿ. 'ಹಣೆಯ ಮೇಲೆ ತೋಡು ಇಲ್ಲ' ಎಂದು ಬರೆಯಿರಿ. ಕಂಡದ್ದು ಅಷ್ಟೇ ತಾನೇ.

ಹೆಜ್ಜೆ 6: ಮೂಗು ಮತ್ತು ಕೊಕ್ಕನ್ನು ಜೊತೆಗೆ ಓದಿ

ಉಪ್ಪುನೀರು ಎಲ್ಲಿಂದ ಹೊರಬೀಳುತ್ತದೆ ಎಂಬುದು ಕೊಕ್ಕಿನ ಆಕಾರದಲ್ಲೂ ಬರೆದಿದೆ. ಕಡಲಕ್ಕಿಗೆ ತೆರೆದ ಹೊಳ್ಳೆಗಳಿವೆ. ದ್ರವ ಅಲ್ಲಿಂದ ಇಳಿದು ಕೊಕ್ಕಿನ ತುದಿಗೆ ಬಂದು ತೊಟ್ಟಿಕ್ಕುತ್ತದೆ. ಬೆಳೆದ ನೀರುಕಾಗೆಯ ಹೊರಹೊಳ್ಳೆಗಳು ಮುಚ್ಚಿವೆ. ಮೀನಿಗಾಗಿ ನೀರಿನೊಳಗೆ ಮುಳುಗುವ ಹಕ್ಕಿ ಅದು. ಹಾಗಾಗಿ ದ್ರವ ಅಂಗುಳಿನ ಒಳಹೊಳ್ಳೆಯಿಂದ ಬಾಯಿಗೆ ಬಂದು, ಕೊಕ್ಕಿನ ತುದಿಯವರೆಗೆ ಜಾರಿ ಬೀಳುತ್ತದೆ. ಹೆಜ್ಜಾರ್ಲೆಯ ಉದ್ದನೆಯ ಮೇಲ್ಕೊಕ್ಕಿನ ಮೇಲೆ ತುದಿಯವರೆಗೂ ಗೀರುಗಳಿವೆ. ದ್ರವ ಅದರ ಗುಂಟ ಹರಿದು ಚೀಲಕ್ಕೆ ಬೀಳದೆ ಹೊರಗೆ ಹೋಗುತ್ತದೆ. ಪೆಟ್ರೆಲ್‌ಗಳಿಗೆ ಕೊಕ್ಕಿನ ಮೇಲೆ ಕೊಳವೆಯಂಥ ಮೂಗಿದೆ. ಅವು ಹನಿಯನ್ನು ಪಿಚಕಾರಿಯ ಹಾಗೆ ಎರಚಬಲ್ಲವು. ತಿಂಗಳುಗಟ್ಟಲೆ ಕಡಲಿನ ಮೇಲೇ ಕಳೆಯುವ ಹಕ್ಕಿಗೆ ಇದು ಎಷ್ಟು ಅನುಕೂಲ ನೋಡಿ.

ಊಟವೂ ಇದಕ್ಕೆ ಸೇರಿದ ವಿಷಯ. ಮೀನಿನ ಮೈಯಲ್ಲಿ ಉಪ್ಪು ಸಮುದ್ರದ ನೀರಿಗಿಂತ ಬಹಳ ಕಡಿಮೆ. ಬೊಂಡಾಸ್ (ಸ್ಕ್ವಿಡ್), ಏಡಿ, ಸಿಗಡಿಯಂಥವುಗಳ ಮೈಯ ದ್ರವ ಬಹುಮಟ್ಟಿಗೆ ಸಮುದ್ರದಷ್ಟೇ ಉಪ್ಪು. ಬರೀ ಮೀನು ತಿನ್ನುವ ನೀರುಕಾಗೆಯ ದ್ರವಕ್ಕಿಂತ, ದೂರದ ಕಡಲಿನಲ್ಲಿ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕುವ ಪೆಟ್ರೆಲ್ಲಿನ ದ್ರವ ಹೆಚ್ಚು ಉಪ್ಪಾಗಿರುವುದಕ್ಕೆ ಇದೊಂದು ಕಾರಣ.

ಹೆಜ್ಜೆ 7: ಜೀವಂತ ಹಕ್ಕಿಯ ಮುಂದೆ ಕೂತು ನೋಡಿ

ಇದನ್ನು ಬಿಡಬೇಡಿ. ಮೂಳೆಯಷ್ಟನ್ನೇ ನೋಡಿದವರಿಗೆ ಗ್ರಂಥಿಯ ಕೆಲಸ ಕಾಣುವುದಿಲ್ಲ.

ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಕಂದುತಲೆಯ ಕಡಲಕ್ಕಿಗಳು ಬರುತ್ತವೆ. ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಳಿದು ಬಂದ ಹಕ್ಕಿಗಳಿವು. ಡಿಸೆಂಬರ್, ಜನವರಿಯಲ್ಲಿ ಮಲ್ಪೆಯ ದಕ್ಕೆ, ಗಂಗೊಳ್ಳಿಯ ಅಳಿವೆ, ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಜಾಗ, ಇಂಥ ಕಡೆ ಹೋಗಿ. ಹಕ್ಕಿ ಮೀನಿಗಾಗಿ ಹಾರಾಡುವಾಗ ಏನೂ ಕಾಣುವುದಿಲ್ಲ. ಮೇವು ಮುಗಿಸಿ ಮರಳಿನ ಮೇಲೆ, ದೋಣಿಯ ಅಂಚಿನಲ್ಲಿ ಗಾಳಿಗೆ ಮುಖ ಮಾಡಿ ಕೂತಾಗ ನೋಡಬೇಕು. ಸೂರ್ಯ ನಿಮ್ಮ ಬೆನ್ನಿಗೆ ಇರಬಾರದು, ಸ್ವಲ್ಪ ಪಕ್ಕಕ್ಕೆ ಇರಲಿ. ಆಗ ಕೊಕ್ಕಿನ ತುದಿಯ ಹನಿ ಮಿಂಚುತ್ತದೆ.

ಒಂದೇ ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡಿ. ಹನಿ ತುಂಬುವುದು, ತಲೆ ಪಟ್ಟನೆ ಕೊಡವುವುದು, ಮತ್ತೆ ಹನಿ ತುಂಬುವುದು. ಈ ಸರಣಿ ಮೂರು ನಾಲ್ಕು ಸಲ ಕಂಡರೆ ಅದು ಉಪ್ಪಿನ ಹನಿ ಎಂದು ಧೈರ್ಯವಾಗಿ ಬರೆಯಬಹುದು. ಆಗಷ್ಟೇ ಸ್ನಾನ ಮಾಡಿದ, ನೀರು ಕುಡಿದ ಹಕ್ಕಿಯ ಕೊಕ್ಕಿನಲ್ಲೂ ಹನಿ ಇರುತ್ತದೆ. ಆದರೆ ಅದು ಒಮ್ಮೆ ಕೊಡವಿದರೆ ಮುಗಿಯಿತು. ಕೊಡವಿದ್ದು ಎಷ್ಟು ಸಲ, ಎಷ್ಟು ಹೊತ್ತಿನಲ್ಲಿ ಎಂದು ಬರೆಯಿರಿ. ಮೊಬೈಲನ್ನು ಸ್ಕೋಪಿಗೆ ಹಿಡಿದು ವಿಡಿಯೋ ಮಾಡಿದರೆ ಆಮೇಲೆ ನಿಧಾನವಾಗಿ ಎಣಿಸಬಹುದು. ಹಕ್ಕಿ ಕತ್ತು ಉದ್ದ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ಹತ್ತಿರ ಬಂದದ್ದು ಜಾಸ್ತಿಯಾಯಿತು ಎಂದು ಅರ್ಥ. ಹಿಂದಕ್ಕೆ ಸರಿಯಿರಿ.

ಹೆಜ್ಜೆ 8: ಎಲ್ಲಿ ತಪ್ಪುತ್ತದೆ

ಗ್ರಂಥಿಯ ಗಾತ್ರ ಸ್ಥಿರವಲ್ಲ. ಸಿಹಿನೀರಿನಲ್ಲಿದ್ದ ಬಾತಿಗೆ ಉಪ್ಪುನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ಗ್ರಂಥಿ ದೊಡ್ಡದಾಗತೊಡಗುತ್ತದೆ. ಮತ್ತೆ ಸಿಹಿನೀರಿಗೆ ಬಿಟ್ಟರೆ ಕುಗ್ಗುತ್ತದೆ. ಮೂಳೆ ಅಷ್ಟು ಬೇಗ ಬದಲಾಗುವುದಿಲ್ಲ. ನಿಮ್ಮ ಕೈಯಲ್ಲಿರುವ ತೋಡು ಹಕ್ಕಿ ಸತ್ತ ದಿನ ಗ್ರಂಥಿ ಎಷ್ಟಿತ್ತು ಎಂದು ಹೇಳುವುದಿಲ್ಲ. ಎಷ್ಟು ಜಾಗ ಸಿಕ್ಕಿತ್ತು ಎಂದು ಮಾತ್ರ ಹೇಳುತ್ತದೆ.

ಲೂನ್ ಹಕ್ಕಿಯನ್ನು ತೆಗೆದುಕೊಳ್ಳಿ. ಕೆನಡಾ, ಅಮೆರಿಕದ ಉತ್ತರ ಭಾಗದ ಸಿಹಿನೀರಿನ ಸರೋವರಗಳಲ್ಲಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಸಮುದ್ರ ಸೇರುತ್ತದೆ. ಅದರ ಬುರುಡೆಯಲ್ಲಿ ತೋಡು ಆಳವಾಗಿದೆ. ಬೇಸಿಗೆಯ ಸರೋವರದಲ್ಲಿ ಅದನ್ನು ನೋಡಿದವರು ಇದಕ್ಕೇಕೆ ಉಪ್ಪಿನ ಗ್ರಂಥಿ ಎಂದು ಕೇಳಬಹುದು. ವರ್ಷದ ಉಳಿದ ಅರ್ಧ ಆಗ ಕಣ್ಣಿಗೆ ಕಾಣುತ್ತಿರುವುದಿಲ್ಲ.

ಇದರ ತಿರುಗುಮುರುಗೂ ಇದೆ. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಿಂಕ್ಲೋಡಿಸ್ ಎಂಬ ಪುಟ್ಟ ಹಕ್ಕಿ ಅಲೆ ಬಡಿಯುವ ಬಂಡೆಗಳ ಮೇಲೆ ಸಮುದ್ರದ ಜೀವಿಗಳನ್ನೇ ತಿಂದು ಬದುಕುತ್ತದೆ. ಗುಬ್ಬಿ, ಮೈನಾಗಳ ದೊಡ್ಡ ಗಣಕ್ಕೆ ಸೇರಿದ ಹಕ್ಕಿ ಅದು. ಈ ಗಣದ ಹಕ್ಕಿಗಳಿಗೆ ಕೆಲಸ ಮಾಡುವ ಉಪ್ಪಿನ ಗ್ರಂಥಿ ಇಲ್ಲ. ಸಿಂಕ್ಲೋಡಿಸ್ ಮೂತ್ರಪಿಂಡದ ಬಲದಿಂದಲೇ ನಿಭಾಯಿಸುತ್ತದೆ. ಕ್ಯಾಲಿಫೋರ್ನಿಯಾದ ಉಪ್ಪುಜೌಗಿನ ಸವಾನಾ ಗುಬ್ಬಿಯದೂ ಇದೇ ದಾರಿ. ಬುರುಡೆ ಮಾತ್ರ ನೋಡಿದರೆ ಇವು ಸಮುದ್ರದ ಪಕ್ಕ ಬದುಕುತ್ತವೆ ಎಂದು ಊಹಿಸಲೂ ಆಗುವುದಿಲ್ಲ.

ವಯಸ್ಸನ್ನೂ ಗಮನಿಸಿ. ಮರಿಗಳ ಮೂಳೆ ಇನ್ನೂ ಬಲಿತಿರುವುದಿಲ್ಲ, ಅಂಚುಗಳು ಮಸುಕು. ಹಣೆಯ ಮೂಳೆಗಳ ನಡುವಿನ ಬೆಸುಗೆ ಗೆರೆ ಕಾಣುತ್ತಿದ್ದರೆ ಅಂಥ ಬುರುಡೆಯ ಅಳತೆಯನ್ನು ಬೇರೆ ಪುಟದಲ್ಲಿ ಬರೆಯಿರಿ. ಕುಲದ ಹಿನ್ನೆಲೆಯೂ ಮುಖ್ಯ. ಕಡಲಕ್ಕಿಗೆ ಕಡಲಕ್ಕಿಯನ್ನು, ರೀವಕ್ಕೆ (ಇಂಗ್ಲಿಷಿನಲ್ಲಿ ಟರ್ನ್) ರೀವವನ್ನು ಹೋಲಿಸಿ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮರಿ ಮಾಡುವ ಹೊಳೆ ರೀವ ಒಂದು ಕಡೆ, ಅರಬ್ಬಿ ಸಮುದ್ರದ ಮೇಲೆ ಹಾರುವ ಜುಟ್ಟಿನ ರೀವ ಇನ್ನೊಂದು ಕಡೆ. ಮ್ಯೂಸಿಯಂಗೆ ಹೋದಾಗ ಕೇಳಿ ನೋಡಬೇಕಾದ ಜೋಡಿ ಇದು. ನೀರುಕಾಗೆಗೂ ಕಡಲಕ್ಕಿಗೂ ತೋಡಿನ ಅಳತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಪಳೆಯುಳಿಕೆ ಓದುವವರಿಗೆ ಈ ಎಚ್ಚರಿಕೆ ಎಲ್ಲರಿಗಿಂತ ಜಾಸ್ತಿ ಬೇಕು. ಡೈನೋಸಾರ್‌ಗಳ ಕಾಲದ ಕೊನೆಯ ಭಾಗದಲ್ಲಿ ಉತ್ತರ ಅಮೆರಿಕದ ಒಳನಾಡಿನ ಸಮುದ್ರದಲ್ಲಿ ಈಜುತ್ತಿದ್ದ, ಹಲ್ಲಿದ್ದ, ಹಾ​ರಲಾರದ ಹೆಸ್ಪರಾರ್ನಿಸ್ ಹಕ್ಕಿಯ ಬುರುಡೆಯಲ್ಲೂ ಕಣ್ಣಿನ ಮೇಲಿನ ಇಂಥ ತಗ್ಗನ್ನು ಗುರುತಿಸಿದ್ದಾರೆ. ಅದು ಸಿಕ್ಕಿದ್ದು ಸಮುದ್ರದ ಪದರಗಳಲ್ಲಿ. ಹಾಗಾಗಿ ಮೂಳೆ ಹೇಳುವುದಕ್ಕೂ ಕಲ್ಲು ಹೇಳುವುದಕ್ಕೂ ತಾಳೆಯಾಗುತ್ತದೆ. ತಗ್ಗಿಲ್ಲದ ಪಳೆಯುಳಿಕೆ ಸಿಕ್ಕಾಗ ಮಾತ್ರ ನೀರುಕಾಗೆಯನ್ನು ನೆನೆಯಬೇಕು.

ಪುಟದಲ್ಲಿ ಏನೇನು ಬರೆಯಬೇಕು

ಒಂದು ಬುರುಡೆಗೆ ಒಂದು ಪುಟ. ಮೇಲೆ ಹಕ್ಕಿಯ ಹೆಸರು, ಎಲ್ಲಿನ ಸಂಗ್ರಹ, ಅದರ ನಮೂದು ಸಂಖ್ಯೆ. ನಡುವೆ ನಿಮ್ಮ ಚಿತ್ರ. ಕೆಳಗೆ ಅಳತೆಗಳು. ಆಮೇಲೆ ನಾಲ್ಕು ಪ್ರಶ್ನೆಗೆ ಚಿಕ್ಕ ಉತ್ತರ: ಹಣೆಯ ಮೇಲೆ ತೋಡು ಇದೆಯೇ, ಗೂಡಿನ ಮಾಡಿನಲ್ಲಿ ತಗ್ಗು ಇದೆಯೇ, ನಾಳದ ತೂತು ಕಂಡಿತೇ, ಹೊಳ್ಳೆ ತೆರೆದಿದೆಯೇ. ಊಹೆಯನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

ಪುಟದ ಬಲಗಡೆ ಅರ್ಧ ಜಾಗ ಖಾಲಿ ಬಿಡಿ. ಅದೇ ಹಕ್ಕಿಯನ್ನು ಜೀವಂತವಾಗಿ ಕಂಡ ದಿನ ಅಲ್ಲಿ ತುಂಬಿಸಲಿಕ್ಕೆ: ಯಾವ ತೀರ, ಎಷ್ಟು ಹೊತ್ತಿಗೆ, ಹತ್ತು ನಿಮಿಷದಲ್ಲಿ ತಲೆ ಕೊಡವಿದ್ದು ಎಷ್ಟು ಸಲ. ನನ್ನ ಕಂದುತಲೆಯ ಕಡಲಕ್ಕಿಯ ಪುಟದ ಎಡಭಾಗ ಒಂದೇ ಮಧ್ಯಾಹ್ನದಲ್ಲಿ ತುಂಬಿತು. ಬಲಭಾಗಕ್ಕೆ ಮೂರು ಚಳಿಗಾಲದಿಂದ ಬರೆಯುತ್ತಿದ್ದೇನೆ. ಈಗ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದೇನೆ.